ಚೀನೀಯರ ದ್ವಾದಶಪ್ರಾಣಿಚಕ್ರ: ವರ್ಷಗಣನೆಯಿಂದ ಸ್ವಭಾವನಿರ್ಣಯದವರೆಗೆ

ಕ್ರಿ. ಶ. ೧೯೬೫ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಸುಮಾರು ೧೮ ಲಕ್ಷ ೨೪ ಸಾವಿರ. ಮರುವರ್ಷ ಈ ಸಂಖ್ಯೆ ಸುಮಾರು ೧೩ ಲಕ್ಷ ೬೧ ಸಾವಿರಕ್ಕೆ ಇಳಿಯಿತು. ೧೯೬೭ರಲ್ಲಿ ಅದು ಪುನಃ ೧೯ ಲಕ್ಷ ೩೬ ಸಾವಿರಕ್ಕೆ ಏರಿತು. ೧೯೬೬ರಲ್ಲಿ ಜಪಾನಿನಲ್ಲಿ ಯುದ್ಧವಿರಲಿಲ್ಲ. ಕ್ಷಾಮವಾಗಲಿ ಮಹಾಮಾರಿಯಾಗಲಿ ತಲೆದೋರಿರಲಿಲ್ಲ. ದೇಶವು ಅತ್ಯಂತ ವೇಗವಾಗಿ ಐಶ್ವರ್ಯವನ್ನು ಗಳಿಸುತ್ತಿದ್ದ ಕಾಲವದು. ಆದರೂ ಒಂದೇ ವರ್ಷದಲ್ಲಿ ಜನನಸಂಖ್ಯೆ ಕಾಲುಭಾಗ ಕುಗ್ಗಿತು. ಇದಕ್ಕೆ ಕಾರಣ ಆ ವರ್ಷದ ಹೆಸರು. ಪಂಚಾಂಗದಲ್ಲಿ ಅದು 'ಅಗ್ನಿ-ಅಶ್ವ' ವರ್ಷವಾಗಿದ್ದಿತು. ಆ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನನ್ನು ನುಂಗುವಳೆಂಬುದು ಅಲ್ಲಿಯ ಜನರ ನಂಬಿಕೆ.

ಒಂದು ವರ್ಷದ ಹೆಸರಿಗೆ ಇಂಥ ಶಕ್ತಿ ಬಂದುದು ಹೇಗೆ? ಚೀನ ದೇಶದಲ್ಲಿ ಹುಟ್ಟಿ ಜಪಾನ್, ಕೊರಿಯ, ವಿಯೆಟ್ನಾಂ, ತಿಬೇಟ್, ಮಂಗೋಲಿಯಗಳಿಗೆ ಹರಡಿದ ದ್ವಾದಶಪ್ರಾಣಿಚಕ್ರದ ರಚನೆಯನ್ನೂ, ಅದಕ್ಕೆ ಪಂಚತತ್ತ್ವಗಳೂ ಮನುಷ್ಯಸ್ವಭಾವಗಳೂ ಬಂದು ಸೇರಿಕೊಂಡ ಕ್ರಮವನ್ನೂ ವಿವರಿಸಿ, ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಪ್ರಕೃತ ಲೇಖನದ ಉದ್ದೇಶ.

೧. ಹತ್ತು ಕಾಂಡಗಳು, ಹನ್ನೆರಡು ಶಾಖೆಗಳು

ಈ ಪದ್ಧತಿಯನ್ನು 'ಚೀನೀ ರಾಶಿಚಕ್ರ' ಎಂದು ಕರೆಯುವ ರೂಢಿಯುಂಟು. ಈ ಹೆಸರು ಸ್ವಲ್ಪ ದಾರಿತಪ್ಪಿಸತಕ್ಕದ್ದು. ನಮ್ಮ ಮೇಷಾದಿ ರಾಶಿಗಳು ಆಕಾಶದಲ್ಲಿ ಸೂರ್ಯನು ಸಂಚರಿಸುವ ಮಾರ್ಗದ ಹನ್ನೆರಡು ಭಾಗಗಳು. ಚೀನೀಯರ ಹನ್ನೆರಡು ಪ್ರಾಣಿಗಳಾದರೋ ಆಕಾಶದ ಭಾಗಗಳಲ್ಲ. ಕಾಲದ ಎಣಿಕೆಯಲ್ಲಿ ಒಂದಾದಮೇಲೊಂದು ಬರತಕ್ಕ ಸ್ಥಾನಗಳ ಗುರುತುಗಳು. ಆದುದರಿಂದ ಇದನ್ನು ಮೊದಲು ಒಂದು ಗಣನಪದ್ಧತಿಯೆಂದೇ ತಿಳಿಯಬೇಕು.

ಗಣನೆಯ ಮೂಲದಲ್ಲಿ ಎರಡು ಶ್ರೇಣಿಗಳಿವೆ. ಮೊದಲನೆಯದು 'ಆಕಾಶದ ಕಾಂಡ'ಗಳೆಂಬ ಹತ್ತು ಚಿಹ್ನೆಗಳದು. ಎರಡನೆಯದು 'ಭೂಮಿಯ ಶಾಖೆ'ಗಳೆಂಬ ಹನ್ನೆರಡು ಚಿಹ್ನೆಗಳದು. ಮೊದಲನೆಯ ಕಾಂಡವಾದ 'ಜ್ಯಾ' ಮೊದಲನೆಯ ಶಾಖೆಯಾದ 'ತ್ಸು'ವಿನೊಡನೆ ಸೇರಿ 'ಜ್ಯಾ-ತ್ಸು' ಆಗುತ್ತದೆ. ಎರಡನೆಯದು ಎರಡನೆಯದರೊಡನೆ ಸೇರುತ್ತದೆ. ಹೀಗೆ ಎರಡೂ ಶ್ರೇಣಿಗಳು ಜೊತೆಜೊತೆಯಾಗಿ ಒಂದೊಂದೇ ಹೆಜ್ಜೆ ಮುಂದುವರಿಯುತ್ತವೆ. ಹತ್ತು ಕಾಂಡಗಳು ಮುಗಿದ ಬಳಿಕ ಮೊದಲನೆಯ ಕಾಂಡವು ಹನ್ನೊಂದನೆಯ ಶಾಖೆಯೊಡನೆ ಕೂಡುತ್ತದೆ. ಹತ್ತು ಹನ್ನೆರಡುಗಳ ಲಘುತಮ ಸಾಮಾನ್ಯ ಅಪವರ್ತ್ಯವು ಅರವತ್ತಾದುದರಿಂದ ಅರವತ್ತು ಜೋಡಿಗಳಾದಮೇಲೆ ಎಣಿಕೆ ಮೊದಲಿಗೆ ಬರುತ್ತದೆ. ಬೆಸಸ್ಥಾನದ ಕಾಂಡವು ಬೆಸಸ್ಥಾನದ ಶಾಖೆಯೊಡನೆ ಮಾತ್ರವೂ ಸಮವು ಸಮದೊಡನೆ ಮಾತ್ರವೂ ಸೇರಬಲ್ಲುದು. ಆದಕಾರಣವೇ ಜೋಡಿಗಳು ನೂರಿಪ್ಪತ್ತಲ್ಲ, ಅರವತ್ತು.

ಈ ಪದ್ಧತಿ ಅತ್ಯಂತ ಪ್ರಾಚೀನವಾದುದು. ಹೆನಾನ್ ಪ್ರಾಂತದ ಆನ್‌ಯಾಂಗ್‌ನಲ್ಲಿ ದೊರೆತಿರುವ, ಷಾಂಗ್ ವಂಶದ ಕೊನೆಯ ಕಾಲಕ್ಕೆ ಸೇರಿದ ಶಕುನಾಸ್ಥಿಗಳ ಮೇಲೆ ಇದೇ ಅರವತ್ತರ ಎಣಿಕೆಯನ್ನು ಕಾಣುತ್ತೇವೆ. ಅವು ಕ್ರಿ. ಪೂ. ೧೩ನೆಯ ಶತಮಾನದಿಂದ ೧೧ನೆಯ ಶತಮಾನದವರೆಗಿನವು. ಆದರೆ ಅಲ್ಲಿ ಎಣಿಸಿರುವುದು ವರ್ಷಗಳನ್ನಲ್ಲ, ದಿನಗಳನ್ನು. ಹತ್ತು ದಿನಗಳು ಅಂದಿನ ವಾರ. ಮೃತರಾದ ಅರಸರಿಗೆ ಹತ್ತು ಕಾಂಡಗಳಲ್ಲೊಂದರ ಹೆಸರನ್ನಿಟ್ಟು ಆ ದಿನ ಅವರಿಗೆ ಬಲಿಯನ್ನರ್ಪಿಸುತ್ತಿದ್ದರು. ಈ ಎಣಿಕೆಯನ್ನು ವರ್ಷಗಳಿಗೆ ಕ್ರಮವಾಗಿ ಅನ್ವಯಿಸುವ ರೂಢಿ ನೆಲೆಗೊಂಡದ್ದು ಬಹುಕಾಲಾನಂತರ, ಹಾನ್ ವಂಶದವರ ಆಳ್ವಿಕೆಯಲ್ಲಿ. ಷಾಂಗ್ ಕಾಲದ ಅಸ್ಥಿಗಳಲ್ಲಿ ದಿನದ ಹೆಸರು ಬರಿಯ ಹೆಸರು. ಅದರೊಡನೆ ಇಲಿಯೂ ಇಲ್ಲ, ಕುದುರೆಯೂ ಇಲ್ಲ.

೨. ಪ್ರಾಣಿಗಳ ಪ್ರವೇಶ

ಹನ್ನೆರಡು ಶಾಖೆಗಳಿಗೆ ಕ್ರಮವಾಗಿ ಸೇರಿರುವ ಪ್ರಾಣಿಗಳು ಇವು: ಇಲಿ, ಎತ್ತು, ಹುಲಿ, ಮೊಲ, ಮಹಾನಾಗವೆನ್ನಬಹುದಾದ ಡ್ರ್ಯಾಗನ್, ಹಾವು, ಕುದುರೆ, ಕುರಿ ಅಥವಾ ಮೇಕೆ, ಕೋತಿ, ಕೋಳಿ, ನಾಯಿ, ಹಂದಿ. ದೇಶದಿಂದ ದೇಶಕ್ಕೆ ಅಲ್ಪಸ್ವಲ್ಪ ಭೇದಗಳಿವೆ. ವಿಯೆಟ್ನಾಮಿನಲ್ಲಿ ಮೊಲದ ಸ್ಥಾನದಲ್ಲಿ ಬೆಕ್ಕೂ, ಎತ್ತಿನ ಸ್ಥಾನದಲ್ಲಿ ಎಮ್ಮೆಯೂ ಇವೆ. ಜಪಾನಿನಲ್ಲಿ ಹಂದಿಯೆಂದರೆ ಕಾಡುಹಂದಿ.

ಈ ಪ್ರಾಣಿಗಳು ಎಲ್ಲಿಂದ ಬಂದುವೆಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘವಾದ ವಾದ ನಡೆದಿದೆ. ಫ್ರೆಂಚ್ ವಿದ್ವಾಂಸನಾದ ಎದುವಾರ್ ಶವಾನ್ ೧೯೦೬ರಲ್ಲಿ ಇವು ತುರ್ಕಿ ಜನಾಂಗಗಳಿಂದ ಚೀನೀಯರಿಗೆ ಬಂದುವೆಂದು ವಾದಿಸಿದನು. ಬೌದ್ಧರ 'ಮಹಾಸನ್ನಿಪಾತ' ಸೂತ್ರದಲ್ಲಿ ಹನ್ನೆರಡು ಪ್ರಾಣಿಗಳ ಪ್ರಸ್ತಾಪ ಬರುವುದರಿಂದ, ಅಲ್ಲಿ ಹುಲಿಯ ಬದಲು ಸಿಂಹವಿರುವುದರಿಂದ, ಭಾರತವೇ ಮೂಲವೆಂದು ಊಹಿಸಿದವರೂ ಉಂಟು. ಈ ವಾದಗಳ ಸ್ವರೂಪವನ್ನು ಬದಲಾಯಿಸಿದುದು ೧೯೭೫ರ ಒಂದು ಉತ್ಖನನ. ಹುಬೇ ಪ್ರಾಂತದ ಷುಯ್‌ಹುದಿ ಎಂಬಲ್ಲಿ, ಕ್ರಿ. ಪೂ. ೨೧೭ರ ಸುಮಾರಿನಲ್ಲಿ ಹೂಳಲ್ಪಟ್ಟ ಛಿನ್ ರಾಜ್ಯದ ಒಬ್ಬ ಅಧಿಕಾರಿಯ ಸಮಾಧಿಯಲ್ಲಿ, ಸಾವಿರಕ್ಕೆ ಮೇಲ್ಪಟ್ಟ ಬಿದಿರಿನ ಪಟ್ಟಿಗಳು ದೊರೆತುವು. ಅವುಗಳಲ್ಲಿ ಬಹುಭಾಗ ಕಾನೂನು ಮತ್ತು ಆಡಳಿತಗಳಿಗೆ ಸಂಬಂಧಪಟ್ಟುದು. ಜೊತೆಗೆ ಒಳ್ಳೆಯ ದಿನ ಕೆಟ್ಟ ದಿನಗಳನ್ನು ತಿಳಿಸುವ 'ದಿನಗ್ರಂಥ'ವೂ ಇದ್ದಿತು.

ಈ ದಿನಗ್ರಂಥದಲ್ಲಿ ಪ್ರಾಣಿಗಳು ಬರುವ ಸಂದರ್ಭ ಕುತೂಹಲಕರವಾಗಿದೆ. ಅಲ್ಲಿಯ ವಿಷಯ ಜನ್ಮಫಲವಲ್ಲ, ಕಳ್ಳನನ್ನು ಹಿಡಿಯುವ ಉಪಾಯ. ಯಾವ ಶಾಖೆಯ ದಿನದಲ್ಲಿ ಕಳವಾಯಿತೋ ಆ ಶಾಖೆಯ ಪ್ರಾಣಿಯನ್ನು ಹೇಳಿ, ಕಳ್ಳನ ರೂಪ, ಅವನ ಮೈಮೇಲಿನ ಗುರುತು, ಕದ್ದ ಮಾಲನ್ನು ಬಚ್ಚಿಟ್ಟಿರುವ ಸ್ಥಳ ಮೊದಲಾದುವನ್ನು ಸೂಚಿಸಲಾಗಿದೆ. ಇಲಿಯ ದಿನದ ಕಳ್ಳನಿಗೆ ಚೂಪಾದ ಬಾಯಿ, ವಿರಳವಾದ ಮೀಸೆಗಡ್ಡ! ಪ್ರಾಣಿಗೂ ಮನುಷ್ಯಲಕ್ಷಣಕ್ಕೂ ನಂಟು ಬಿದ್ದುದಕ್ಕೆ ಅತ್ಯಂತ ಹಳೆಯ ಸಾಕ್ಷಿಗಳಲ್ಲೊಂದು ಇದು. ಆ ನಂಟು ಮೊದಲಲ್ಲಿ ಕೇವಲ ರೂಪಸಾದೃಶ್ಯದ್ದು. ಅಷ್ಟೇ ಅಲ್ಲ, ಪ್ರಾಣಿಗಳ ಪಟ್ಟಿಯೂ ಇನ್ನೂ ಸ್ಥಿರವಾಗಿರಲಿಲ್ಲ. ಇಂದು ಕುದುರೆಯಿರುವ ಏಳನೆಯ ಸ್ಥಾನದಲ್ಲಿ ಅಲ್ಲಿ ಜಿಂಕೆಯಿದೆ. ಕುದುರೆ ಎಂಟನೆಯ ಸ್ಥಾನದಲ್ಲಿದೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ. ಜಪಾನಿನ ತಾಯಂದಿರು ಯಾವ ಸ್ಥಾನದ ಕುದುರೆಗೆ ಹೆದರಿದರೋ ಆ ಸ್ಥಾನ ಒಂದು ಕಾಲದಲ್ಲಿ ಜಿಂಕೆಯದಾಗಿದ್ದಿತು.

ಇಂದಿನ ಪಟ್ಟಿ ಕ್ರಿ. ಶ. ಮೊದಲನೆಯ ಶತಮಾನದ ಹೊತ್ತಿಗೆ ನಿಶ್ಚಿತವಾಗಿದ್ದಿತು. ಅದಕ್ಕೆ ಆಧಾರ ವಾಂಗ್ ಚುಂಗ್ ಎಂಬ ದಾರ್ಶನಿಕನ 'ಲುನ್‌ಹೆಂಗ್' ಗ್ರಂಥ. ಆ ಮಹನೀಯನ ಮಾತನ್ನು ಪಂಚತತ್ತ್ವಗಳ ವಿಚಾರವಾದಮೇಲೆ ಪರಿಶೀಲಿಸುವುದು ಯುಕ್ತ.

೩. ಪಂಚತತ್ತ್ವಗಳು

ಚೀನೀಯರ ಐದು ತತ್ತ್ವಗಳು ಕಾಷ್ಠ, ಅಗ್ನಿ, ಮೃತ್ತಿಕೆ, ಲೋಹ, ಜಲ. ಇವನ್ನು ನಮ್ಮ ಪಂಚಮಹಾಭೂತಗಳೊಡನೆ ಸಮೀಕರಿಸುವುದು ಸುಲಭವಾದರೂ ಸರಿಯಲ್ಲ. ವಾಯುವೂ ಆಕಾಶವೂ ಅಲ್ಲಿಲ್ಲ. ಕಾಷ್ಠವೂ ಲೋಹವೂ ಇಲ್ಲಿಲ್ಲ. ಇದಕ್ಕಿಂತ ಮುಖ್ಯವಾದ ಭೇದವೊಂದುಂಟು. ಪಂಚಭೂತಗಳು ವಸ್ತುವಿನ ಉಪಾದಾನಗಳು. ಚೀನೀಯರ 'ವೂ-ಷಿಂಗ್' ಎಂಬ ಮಾತಿನಲ್ಲಿ 'ಷಿಂಗ್' ಎಂದರೆ ನಡೆ, ಗತಿ. ಜಗತ್ತು ಯಾವುದರಿಂದ ಆಗಿದೆ ಎಂಬುದಕ್ಕಿಂತ ಅದು ಹೇಗೆ ಒಂದು ಅವಸ್ಥೆಯಿಂದ ಇನ್ನೊಂದಕ್ಕೆ ತಿರುಗುತ್ತದೆ ಎಂಬುದೇ ಅಲ್ಲಿಯ ಪ್ರಶ್ನೆ. ಆದುದರಿಂದ ಅವನ್ನು 'ಪಂಚಗತಿ'ಗಳೆಂದು ಕರೆದರೆ ಹೆಚ್ಚು ಒಪ್ಪುತ್ತದೆ.

ಈ ಗತಿಗಳಿಗೆ ಎರಡು ಬಗೆಯ ಸಂಬಂಧವನ್ನು ಹೇಳಿರುವರು. ಒಂದು ಜನಕ ಸಂಬಂಧ: ಕಾಷ್ಠವು ಅಗ್ನಿಯನ್ನು ಹುಟ್ಟಿಸುತ್ತದೆ, ಅಗ್ನಿಯಿಂದ ಬೂದಿ, ಎಂದರೆ ಮಣ್ಣು, ಮಣ್ಣಿನಿಂದ ಲೋಹ, ಲೋಹದಿಂದ ಜಲ, ಜಲದಿಂದ ಕಾಷ್ಠ. ಇನ್ನೊಂದು ಜಯ ಸಂಬಂಧ: ಕಾಷ್ಠವು ಮಣ್ಣನ್ನು ಭೇದಿಸುತ್ತದೆ, ಮಣ್ಣು ನೀರಿಗೆ ಕಟ್ಟೆಯಾಗುತ್ತದೆ, ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಲೋಹವನ್ನು ಕರಗಿಸುತ್ತದೆ, ಲೋಹ ಮರವನ್ನು ಕಡಿಯುತ್ತದೆ. ಕ್ರಿ. ಪೂ. ೩ನೆಯ ಶತಮಾನದ ತ್ಸೌ ಯೆನ್ ಈ ಜಯಕ್ರಮವನ್ನು ರಾಜವಂಶಗಳ ಏಳುಬೀಳುಗಳಿಗೆ ಅನ್ವಯಿಸಿದನು. ಕಾಲಕ್ರಮದಲ್ಲಿ ಋತು, ದಿಕ್ಕು, ಬಣ್ಣ, ರುಚಿ, ದೇಹದ ಅಂಗ, ಇವೆಲ್ಲವೂ ಐದೈದಾಗಿ ಈ ಚೌಕಟ್ಟಿನೊಳಗೆ ಕುಳಿತುವು. ಹಾನ್ ಕಾಲದ ಪಂಡಿತರು ಕನ್‌ಫ್ಯೂಷಿಯಸ್ ಮತದ ಪಂಚಶೀಲಗಳನ್ನೂ ಇದರೊಳಕ್ಕೆ ತಂದರು. ಪ್ರಚಲಿತವಾದ ಕ್ರಮದಲ್ಲಿ ದಯೆ ಕಾಷ್ಠಕ್ಕೆ, ನ್ಯಾಯಪರತೆ ಲೋಹಕ್ಕೆ, ವಿನಯಮರ್ಯಾದೆ ಅಗ್ನಿಗೆ, ಪ್ರಜ್ಞೆ ಜಲಕ್ಕೆ, ವಿಶ್ವಾಸಾರ್ಹತೆ ಮಣ್ಣಿಗೆ ಸೇರಿದುವು. ತತ್ತ್ವದಿಂದ ಶೀಲವನ್ನು ಹೇಳುವ ಮಾರ್ಗ ಹೀಗೆ ತೆರೆಯಿತು.

ಅರವತ್ತರ ಎಣಿಕೆಗೆ ಈ ತತ್ತ್ವಗಳು ಬಂದು ಸೇರಿದುದು ಕಾಂಡಗಳ ಮೂಲಕ. ಹತ್ತು ಕಾಂಡಗಳನ್ನು ಎರಡೆರಡರಂತೆ ಐದು ತತ್ತ್ವಗಳಿಗೆ ಹಂಚಿ, ಪ್ರತಿ ಜೋಡಿಯಲ್ಲಿ ಮೊದಲನೆಯದನ್ನು ಪುರುಷಾಂಶವೆಂದೂ ಎರಡನೆಯದನ್ನು ಸ್ತ್ರೀಅಂಶವೆಂದೂ ಎಣಿಸಿದರು. ಇದರ ಫಲವಾಗಿ ಕ್ರಿಸ್ತಶಕದ ಯಾವ ವರ್ಷವಾದರೂ ಅದರ ಕೊನೆಯ ಅಂಕಿಯಿಂದಲೇ ತತ್ತ್ವವನ್ನು ತಿಳಿಯಬಹುದು. ೪, ೫ ಇದ್ದರೆ ಕಾಷ್ಠ. ೬, ೭ ಅಗ್ನಿ. ೮, ೯ ಮೃತ್ತಿಕೆ. ೦, ೧ ಲೋಹ. ೨, ೩ ಜಲ. ಪ್ರಾಣಿಯನ್ನು ತಿಳಿಯಲು ವರ್ಷದಿಂದ ೪ನ್ನು ಕಳೆದು ೧೨ರಿಂದ ಭಾಗಿಸಿ ಶೇಷವನ್ನು ನೋಡಬೇಕು. ಶೇಷ ಸೊನ್ನೆಯಾದರೆ ಇಲಿ, ಒಂದಾದರೆ ಎತ್ತು, ಹೀಗೆ ಮುಂದೆ. ೧೯೬೬ರಿಂದ ೪ನ್ನು ಕಳೆದರೆ ೧೯೬೨, ೧೨ರಿಂದ ಭಾಗಿಸಿದರೆ ಶೇಷ ೬, ಆದುದರಿಂದ ಕುದುರೆ. ಕೊನೆಯ ಅಂಕಿ ೬; ಆದುದರಿಂದ ಅಗ್ನಿ. ಚೀನೀ ವರ್ಷವು ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ ಮೊದಲಾಗುವುದರಿಂದ ವರ್ಷದ ಆರಂಭದ ವಾರಗಳಿಗೆ ಹಿಂದಿನ ವರ್ಷದ ಪ್ರಾಣಿಯೇ ಸಲ್ಲುತ್ತದೆ.

ಕಾಂಡಗಳಿಗಿರುವಂತೆ ಶಾಖೆಗಳಿಗೂ ಸ್ವಂತದ ತತ್ತ್ವಗಳಿವೆ. ಇಲಿ, ಹಂದಿ ಜಲಕ್ಕೂ. ಹುಲಿ, ಮೊಲ ಕಾಷ್ಠಕ್ಕೂ. ಹಾವು, ಕುದುರೆ ಅಗ್ನಿಗೂ. ಕೋತಿ, ಕೋಳಿ ಲೋಹಕ್ಕೂ. ಉಳಿದ ನಾಲ್ಕು ಮಣ್ಣಿಗೂ ಸೇರಿದುವು. ಹೀಗಾಗಿ ಕುದುರೆಯ ವರ್ಷಕ್ಕೆ ಅಗ್ನಿಯ ಕಾಂಡವೂ ಕೂಡಿದಾಗ ಬೆಂಕಿಯ ಮೇಲೆ ಬೆಂಕಿಯಾಗುತ್ತದೆ. 'ಬಿಂಗ್-ವೂ' ಎಂಬ ಈ ವರ್ಷವು ಅರವತ್ತು ವರ್ಷಕ್ಕೊಮ್ಮೆ ಬರುವುದು. ಅದಕ್ಕೆ ಉಗ್ರವೆಂಬ ಹೆಸರು ಬರಲು ಕಾರಣ ಇದೇ.

ಈಗ ವಾಂಗ್ ಚುಂಗ್‌ನ ಮಾತಿಗೆ ಬರಬಹುದು. ಕ್ರಿ. ಶ. ಒಂದನೆಯ ಶತಮಾನದಲ್ಲಿಯೇ ಅವನು ಕೇಳಿದ ಪ್ರಶ್ನೆಯ ಸಾರಾಂಶವಿದು: ಇಲಿ ಜಲ, ಕುದುರೆ ಅಗ್ನಿ, ಜಲವು ಅಗ್ನಿಯನ್ನು ಗೆಲ್ಲುವುದಾದರೆ ಇಲಿಯು ಕುದುರೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲವೇಕೆ? ಕೋಳಿ ಲೋಹ, ಮೊಲ ಕಾಷ್ಠ. ಹಾಗಿದ್ದಲ್ಲಿ ಕೋಳಿಯು ಮೊಲವನ್ನು ಕುಕ್ಕುವುದಿಲ್ಲವೇಕೆ? ಪ್ರಾಣಿಗಳು ಒಂದನ್ನೊಂದು ಗೆಲ್ಲುವುದು ತತ್ತ್ವಬಲದಿಂದಲ್ಲ, ಮೈಬಲದಿಂದ, ಹಲ್ಲುಗುರುಗಳ ಹರಿತದಿಂದ ಎಂಬುದು ಅವನ ನಿರ್ಣಯ. ಸಂದೇಹವೂ ನಂಬಿಕೆಯಷ್ಟೇ ಪ್ರಾಚೀನವಾದುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

೪. ಸ್ವಭಾವನಿರ್ಣಯ

ಇಂದು ಜನಪ್ರಿಯವಾಗಿರುವ ಕೈಪಿಡಿಗಳು ಹೇಳುವ ಗುಣಗಳನ್ನು ಸಂಕ್ಷೇಪವಾಗಿ ಹೀಗೆ ಸಂಗ್ರಹಿಸಬಹುದು. ಇಲಿಯ ವರ್ಷದವರು ಚುರುಕುಬುದ್ಧಿಯವರು, ಕೂಡಿಡುವವರು, ಎತ್ತಿನವರು ತಾಳ್ಮೆಯುಳ್ಳವರು, ಹಟಮಾರಿಗಳು, ಹುಲಿಯವರು ಧೈರ್ಯಶಾಲಿಗಳು, ಮುಂಗೋಪಿಗಳು, ಮೊಲದವರು ಮೃದುಸ್ವಭಾವದವರು, ಎಚ್ಚರಿಕೆಯವರು, ಡ್ರ್ಯಾಗನ್‌ನವರು ತೇಜಸ್ವಿಗಳು, ಮಹತ್ವಾಕಾಂಕ್ಷಿಗಳು, ಹಾವಿನವರು ವಿವೇಕಿಗಳು, ಗುಟ್ಟಿನವರು, ಕುದುರೆಯವರು ಸ್ವಚ್ಛಂದಪ್ರಿಯರು, ಚಂಚಲರು, ಕುರಿಯವರು ಕಲಾಭಿರುಚಿಯುಳ್ಳವರು, ಅಳ್ಳೆದೆಯವರು, ಕೋತಿಯವರು ಚತುರರು, ಚೇಷ್ಟೆಯವರು, ಕೋಳಿಯವರು ಕಾಲನಿಷ್ಠರು, ಆಡಂಬರಪ್ರಿಯರು, ನಾಯಿಯವರು ನಿಷ್ಠಾವಂತರು, ಹಂದಿಯವರು ಸರಳರು, ಸುಖಪ್ರಿಯರು. ತತ್ತ್ವವು ಈ ಗುಣಗಳಿಗೆ ಬಣ್ಣ ಕೊಡುತ್ತದೆ: ಕಾಷ್ಠದಿಂದ ಔದಾರ್ಯ, ಅಗ್ನಿಯಿಂದ ಆವೇಶ, ಮಣ್ಣಿನಿಂದ ಸ್ಥೈರ್ಯ, ಲೋಹದಿಂದ ದಾರ್ಢ್ಯ, ಜಲದಿಂದ ಹೊಂದಾಣಿಕೆ.

ಇಲ್ಲಿ ಎರಡು ವಿಷಯಗಳು ಗಮನಾರ್ಹ. ಮೊದಲನೆಯದಾಗಿ, ಚೀನೀ ಜ್ಯೋತಿಷದ ಪಂಡಿತಪರಂಪರೆಯು ಕೇವಲ ವರ್ಷದ ಪ್ರಾಣಿಯಿಂದ ಮನುಷ್ಯನ ಸ್ವಭಾವವನ್ನು ನಿರ್ಣಯಿಸುವುದಿಲ್ಲ. ಸುಂಗ್ ಕಾಲದ ಷೂ ತ್ಸುಪಿಂಗ್‌ನ ಹೆಸರಿನಿಂದ ಪ್ರಸಿದ್ಧವಾದ ಪದ್ಧತಿಯಲ್ಲಿ ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು ಎಂಬ ನಾಲ್ಕು ಸ್ತಂಭಗಳಿವೆ. ಪ್ರತಿ ಸ್ತಂಭಕ್ಕೂ ಒಂದು ಕಾಂಡ, ಒಂದು ಶಾಖೆ. ಒಟ್ಟು ಎಂಟು ಅಕ್ಷರಗಳು. ಇವುಗಳಲ್ಲಿ ಮುಖ್ಯವಾದುದು ಹುಟ್ಟಿದ ದಿನದ ಕಾಂಡ. ವರ್ಷದ ಪ್ರಾಣಿ ಎಂಟರಲ್ಲೊಂದು ಮಾತ್ರ. ಜನಸಾಮಾನ್ಯರ ರೂಢಿ ಈ ಎಂಟರಲ್ಲಿ ಒಂದನ್ನು ಹಿಡಿದು ಏಳನ್ನು ಬಿಟ್ಟಿದೆ. ಶಾಸ್ತ್ರವು ಸತ್ಯವೋ ಅಲ್ಲವೋ ಬೇರೆಯ ಮಾತು. ಲೋಕದಲ್ಲಿ ಹೆಚ್ಚು ಹಾನಿಯನ್ನು ಮಾಡಿರುವುದು ಈ ತುಂಡುಶಾಸ್ತ್ರ.

ಎರಡನೆಯದಾಗಿ, ಮೇಲ್ಕಂಡ ಗುಣಗಳಲ್ಲಿ ತನಗೆ ಒಪ್ಪುವಂಥದು ಯಾರಿಗೆ ತಾನೆ ಸಿಕ್ಕುವುದಿಲ್ಲ? ೧೯೪೮ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ೩೯ ಮಂದಿ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆಯನ್ನು ಕೊಟ್ಟು, ಬಳಿಕ ಅವರವರ ಸ್ವಭಾವಚಿತ್ರವೆಂದು ಹೇಳಿ ಎಲ್ಲರಿಗೂ ಒಂದೇ ಬರಹವನ್ನು ಹಂಚಿದನು. ಅದು ತಮಗೆ ಎಷ್ಟು ಹೊಂದುತ್ತದೆಂದು ಐದಕ್ಕೆ ಅಂಕವನ್ನು ಕೊಡಲು ಹೇಳಿದಾಗ ಸರಾಸರಿ ೪.೨೬ ಬಂದಿತು. ಎಲ್ಲರಿಗೂ ಸಲ್ಲುವ ವರ್ಣನೆಯನ್ನು ತನಗೆ ಮಾತ್ರ ಸಲ್ಲುವುದೆಂದು ತಿಳಿಯುವುದು ಮನುಷ್ಯನ ಸಹಜಗುಣ. ಪ್ರಾಣಿಚಕ್ರದ ಗುಣವರ್ಣನೆಗಳು ನಿಜವೆಂಬಂತೆ ತೋರುವುದಕ್ಕೆ ಇಷ್ಟೇ ಸಾಕು.

ಈ ಮಟ್ಟಿಗೆ ಇದು ನಿರಪಾಯಕರವಾದ ವಿನೋದ. ವಿನೋದವು ವಿವಾಹನಿರ್ಣಯಕ್ಕೂ ಸಂತಾನನಿರ್ಣಯಕ್ಕೂ ಕೈಹಾಕಿದಾಗ ಅದರ ಮುಖ ಬೇರೆಯಾಗುತ್ತದೆ.

೫. ಅಗ್ನಿ-ಅಶ್ವದ ಹೆಣ್ಣು

ಚೀನದಲ್ಲಿ ಬಿಂಗ್-ವೂ ವರ್ಷದ ಭಯ ಮುಖ್ಯವಾಗಿ ರಾಜ್ಯಕ್ಕೆ ಸಂಬಂಧಿಸಿದುದು. ಸುಂಗ್ ಕಾಲದ ಛಾಯ್ ವಾಂಗ್ ಎಂಬುವನು ೧೨೪೬ರಲ್ಲಿ ಒಂದು ಗ್ರಂಥವನ್ನು ರಚಿಸಿ, ಈ ವರ್ಷವೂ ಇದರ ಮುಂದಿನ ವರ್ಷವೂ ದೇಶಕ್ಕೆ ವಿಪತ್ತನ್ನು ತರುವುವೆಂದು ಹಿಂದಿನ ಚರಿತ್ರೆಯಿಂದ ತೋರಿಸಲು ಯತ್ನಿಸಿದನು. ಅದೇ ವರ್ಷವು ಸಮುದ್ರವನ್ನು ದಾಟಿ ಜಪಾನಿಗೆ ಹೋದಾಗ ಭಯವು ಅರಮನೆಯಿಂದ ಅಡುಗೆಮನೆಗೆ ಇಳಿಯಿತು. ಅಲ್ಲಿ ಅದರ ಹೆಸರು 'ಹಿನೊಎ-ಉಮಾ'. ಎದೊ ಕಾಲದಲ್ಲಿ, ಎಂದರೆ ೧೭ನೆಯ ಶತಮಾನದಿಂದೀಚೆಗೆ, ಆ ವರ್ಷದ ಹೆಣ್ಣು ಗಂಡನ ಆಯುಸ್ಸನ್ನು ಹರಿಸುವಳೆಂಬ ನಂಬಿಕೆ ಬಲಿಯಿತು. ಇದಕ್ಕೆ ಒಂದು ಕಥೆಯೂ ನೆರವಾಯಿತು. ಎದೊ ನಗರದ ತರಕಾರಿ ವ್ಯಾಪಾರಿಯ ಮಗಳು ಒಷಿಚಿ. ಬೆಂಕಿಯ ಅನಾಹುತದಿಂದ ಮನೆಮಂದಿಯೊಡನೆ ದೇವಾಲಯದಲ್ಲಿ ಆಶ್ರಯ ಪಡೆದಿದ್ದಾಗ ಅಲ್ಲಿಯ ಯುವಕನೊಬ್ಬನಲ್ಲಿ ಅನುರಕ್ತಳಾದಳು. ಅವನನ್ನು ಮತ್ತೆ ಕಾಣುವ ಆಸೆಯಿಂದ ತಾನೇ ಬೆಂಕಿಯಿಟ್ಟು, ೧೬೮೩ರಲ್ಲಿ ಮರಣದಂಡನೆಗೆ ಗುರಿಯಾದಳು. ಇಹಾರ ಸೈಕಾಕು ೧೬೮೬ರಲ್ಲಿ ಈ ಕಥೆಯನ್ನು ಬರೆದ ಬಳಿಕ ಅದು ರಂಗಭೂಮಿಯ ಮೇಲೂ ಪ್ರಸಿದ್ಧವಾಯಿತು. ಒಷಿಚಿಯು ೧೬೬೬ರ ಅಗ್ನಿ-ಅಶ್ವ ವರ್ಷದಲ್ಲಿ ಹುಟ್ಟಿದವಳೆಂದು ಜನರು ಕಥೆಗೆ ಸೇರಿಸಿಕೊಂಡರು. ಬೆಂಕಿಯಿಟ್ಟ ಹೆಣ್ಣಿಗೆ ಬೆಂಕಿಯ ವರ್ಷ ಚೆನ್ನಾಗಿ ಹೊಂದಿತು.

೧೯೦೬ರಲ್ಲಿ ಈ ವರ್ಷ ಬಂದಾಗ ಎಷ್ಟೋ ತಂದೆತಾಯಂದಿರು ಹೆಣ್ಣುಮಕ್ಕಳ ಜನನವನ್ನು ಹಿಂದಿನ ವರ್ಷಕ್ಕೋ ಮುಂದಿನ ವರ್ಷಕ್ಕೋ ಬರೆಯಿಸಿದರು. ಹಾಗೆ ಬರೆಯಿಸದೆ ಉಳಿದ ಹೆಣ್ಣುಮಕ್ಕಳು ಮದುವೆಯ ವಯಸ್ಸಿಗೆ ಬಂದಾಗ ವರ ದೊರೆಯುವುದು ದುಸ್ತರವಾಯಿತು. ೧೯೬೬ರಲ್ಲಿ ಸಂತಾನನಿಯಂತ್ರಣದ ಸಾಧನಗಳು ಮನೆಮನೆಗೂ ತಿಳಿದಿದ್ದುವು. ಆದುದರಿಂದ ದಾಖಲೆಯನ್ನು ತಿದ್ದುವ ಬದಲು ಜನನವನ್ನೇ ತಪ್ಪಿಸಿದರು. ಅವರಲ್ಲಿ ಎಲ್ಲರೂ ಮೂಢರಾಗಿದ್ದರೆಂದು ಭಾವಿಸುವುದು ತಪ್ಪಾದೀತು. 'ನನಗೆ ಇದರಲ್ಲಿ ನಂಬಿಕೆಯಿಲ್ಲ. ಆದರೆ ನಾಳೆ ನನ್ನ ಮಗಳನ್ನು ನೋಡಲು ಬರುವವರು ನಂಬಿದರೆ?' ಎಂಬ ಯೋಚನೆಯೊಂದೇ ಸಾಕಾಗಿದ್ದಿತು. ಯಾರೂ ನಂಬದಿದ್ದರೂ ಇತರರು ನಂಬುವರೆಂಬ ಭಯದಿಂದಲೇ ಒಂದು ನಂಬಿಕೆ ಬದುಕಬಲ್ಲುದು.

ಇಲ್ಲಿ ಇನ್ನೊಂದು ಅಂಶವನ್ನೂ ಹೇಳಬೇಕು. ಆ ವರ್ಷ ಜಪಾನಿನಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ಮಕ್ಕಳ ದರ ೧.೫೮ಕ್ಕೆ ಇಳಿದಿದ್ದಿತು. ೧೯೮೯ರಲ್ಲಿ, ಯಾವ ಅಪಶಕುನವೂ ಇಲ್ಲದೆ, ಅದು ೧.೫೭ಕ್ಕೆ ಇಳಿದಾಗ ದೇಶವೇ ಬೆಚ್ಚಿತು. ಮೂಢನಂಬಿಕೆಯು ಒಂದು ವರ್ಷದಲ್ಲಿ ಮಾಡಿದುದನ್ನು ಜೀವನಕ್ರಮದ ಬದಲಾವಣೆ ಮೆಲ್ಲಮೆಲ್ಲನೆ ಶಾಶ್ವತವಾಗಿ ಮಾಡಿದ್ದಿತು.

ಕೊರಿಯದಲ್ಲಿ ಲೋಹ-ಅಶ್ವದ ವರ್ಷವನ್ನು ಶ್ವೇತಾಶ್ವವೆನ್ನುವರು. ಲೋಹದ ಬಣ್ಣ ಬಿಳುಪು. ಆ ವರ್ಷದ ಹೆಣ್ಣೂ ಗಟ್ಟಿಗಿತ್ತಿಯೆಂಬ ಅಪಖ್ಯಾತಿಗೆ ಒಳಗಾದವಳು. ೧೯೯೦ರಲ್ಲಿ ಈ ವರ್ಷ ಬಂದಾಗ ದಕ್ಷಿಣ ಕೊರಿಯದಲ್ಲಿ ೧೦೦ ಹೆಣ್ಣುಶಿಶುಗಳಿಗೆ ೧೧೬.೫ ಗಂಡುಶಿಶುಗಳು ಹುಟ್ಟಿದುವು. ಗಂಡುಸಂತಾನದ ಆಸೆಯೂ ಗರ್ಭಸ್ಥಶಿಶುವಿನ ಲಿಂಗವನ್ನು ತಿಳಿಯುವ ಯಂತ್ರಗಳೂ ಇದಕ್ಕೆ ಮುಖ್ಯ ಕಾರಣಗಳು. ವರ್ಷದ ಹೆಸರು ಅವುಗಳ ಕೈಗೆ ಇನ್ನೊಂದು ನೆಪವನ್ನು ಕೊಟ್ಟಿತು. ಚಂಚಲತೆ, ಸ್ವಚ್ಛಂದತೆ, ದಾರ್ಢ್ಯ, ಇವು ಗಂಡಿನಲ್ಲಿ ಕಂಡರೆ ಪೌರುಷ, ಹೆಣ್ಣಿನಲ್ಲಿ ಕಂಡರೆ ದೋಷ. ಕುದುರೆಯ ವರ್ಷದ ಗಂಡನ್ನು ಯಾರೂ ಬೇಡವೆಂದುದಿಲ್ಲ.

೬. ನಿರೀಕ್ಷೆಯ ಫಲ

ಭಯಕ್ಕೆ ಪ್ರತಿಯಾಗಿ ಆಸೆಯೂ ಉಂಟು. ಡ್ರ್ಯಾಗನ್ ವರ್ಷದ ಮಗು ಭಾಗ್ಯಶಾಲಿಯೆಂಬ ನಂಬಿಕೆಯಿಂದ ಚೀನೀ ಜನರಿರುವ ನಾಡುಗಳಲ್ಲಿ ಆ ವರ್ಷ ಜನನಗಳು ಏರುತ್ತವೆ. ಸಿಂಗಪುರದಲ್ಲಿ ೧೯೮೭ರಲ್ಲಿ ೪೩,೬೧೬ ಮಕ್ಕಳು ಹುಟ್ಟಿದ್ದರೆ ಡ್ರ್ಯಾಗನ್ ವರ್ಷವಾದ ೧೯೮೮ರಲ್ಲಿ ೫೨,೯೫೭ ಮಕ್ಕಳು ಹುಟ್ಟಿದರು. ೧೯೮೭ರಲ್ಲಿಯೇ ಅಲ್ಲಿಯ ಸರ್ಕಾರವು ಹೆಚ್ಚು ಮಕ್ಕಳಿಗೆ ಪ್ರೋತ್ಸಾಹ ಕೊಡುವ ನೀತಿಯನ್ನು ಸಾರಿದ್ದುದರಿಂದ ಏರಿಕೆಯೆಲ್ಲವನ್ನೂ ಡ್ರ್ಯಾಗನ್‌ನ ಲೆಕ್ಕಕ್ಕೆ ಬರೆಯಲಾಗದು.

ಹೀಗೆ ಹುಟ್ಟಿದ ಮಕ್ಕಳು ನಿಜವಾಗಿಯೂ ಭಾಗ್ಯಶಾಲಿಗಳೇ? ನಾಚಿ ಮೋಕನ್ ಮತ್ತು ಹಾನ್ ಯೂ ಎಂಬ ಅರ್ಥಶಾಸ್ತ್ರಜ್ಞರು ೨೦೧೭ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ ಚೀನದಲ್ಲಿ ಡ್ರ್ಯಾಗನ್ ವರ್ಷದ ಮಕ್ಕಳು ವಿದ್ಯಾಭ್ಯಾಸದಲ್ಲಿ ಇತರರಿಗಿಂತ ಮುಂದಿರುವುದು ಕಂಡುಬಂದಿದೆ. ಆದರೆ ಇದಕ್ಕೆ ಕಾರಣ ವರ್ಷವಲ್ಲ; ಇಂಥ ಮಕ್ಕಳಿಂದ ತಂದೆತಾಯಂದಿರು ಹೆಚ್ಚನ್ನು ನಿರೀಕ್ಷಿಸಿ, ಅವರಿಗಾಗಿ ಹೆಚ್ಚು ಹೊತ್ತನ್ನೂ ಹಣವನ್ನೂ ವೆಚ್ಚಮಾಡುವುದೇ ಕಾರಣ. ೧೯೪೮ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಮೆರ್ಟನ್ ವಿವರಿಸಿದ, ತನ್ನನ್ನು ತಾನೇ ನಿಜಮಾಡಿಕೊಳ್ಳುವ ಭವಿಷ್ಯವಾಣಿಗೆ ಇದು ಸ್ಪಷ್ಟವಾದ ಉದಾಹರಣೆ.

ಈ ಮಾತನ್ನು ಎಲ್ಲೆ ಮೀರಿ ಎಳೆಯಬಾರದು. ೧೯೯೩ರಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದ ೨೮,೧೬೯ ಚೀನೀ ಮೂಲದವರ ಮರಣದಾಖಲೆಗಳನ್ನು ಪರಿಶೀಲಿಸಿ, ಹುಟ್ಟಿದ ವರ್ಷದ ತತ್ತ್ವಕ್ಕೆ ಅಶುಭವೆನಿಸಿದ ರೋಗವೇ ಬಂದವರು ೧.೩ರಿಂದ ೪.೯ ವರ್ಷ ಮುಂಚಿತವಾಗಿ ಸಾಯುವರೆಂದು ಬರೆದರು. ಲೋಹದ ವರ್ಷದವರಿಗೆ ಶ್ವಾಸಕೋಶದ ರೋಗ ಬಂದರೆ ಅವರು ಬೇಗ ಧೃತಿಗೆಡುವರೆಂಬುದು ಅವರ ವಾದ. ಆದರೆ ೨೦೦೬ರಲ್ಲಿ ಗ್ಯಾರಿ ಸ್ಮಿತ್ ಬೇರೆಯ ಅಂಕಿಅಂಶಗಳನ್ನು ಪರೀಕ್ಷಿಸಿ ಈ ಸಂಬಂಧ ಅಲ್ಲಿ ತೋರುವುದಿಲ್ಲವೆಂದು ತಿಳಿಸಿದನು. ನಂಬಿಕೆಯು ತಂದೆತಾಯಂದಿರ ಕೈಯಿಂದ ಕೆಲಸಮಾಡಿಸಬಲ್ಲುದೆಂಬುದು ಸಿದ್ಧ. ಅದು ರೋಗಿಯ ಆಯುಸ್ಸನ್ನು ಕತ್ತರಿಸಬಲ್ಲುದೆಂಬುದು ಸಿದ್ಧವಾಗಿಲ್ಲ.

೭. ಪ್ರಭವ, ಪರಾಭವ

ಅರವತ್ತು ವರ್ಷಗಳ ಚಕ್ರ ನಮಗೆ ಅಪರಿಚಿತವಲ್ಲ. ಪ್ರಭವಾದಿ ಸಂವತ್ಸರ ಚಕ್ರವು ಬೃಹಸ್ಪತಿಯ ಗತಿಯಿಂದ ಬಂದುದು. ಅವನ ಸುಮಾರು ಹನ್ನೆರಡು ವರ್ಷಗಳ ಐದು ಪ್ರದಕ್ಷಿಣೆಗಳೇ ಅರವತ್ತು. ಚೀನೀಯರ ಚಕ್ರವು ಹತ್ತು ಹನ್ನೆರಡುಗಳ ಜೋಡಣೆಯಿಂದ ಬಂದುದು. ಮೂಲಗಳು ಬೇರೆಯಾದರೂ ಈ ಎರಡು ಚಕ್ರಗಳು ತಿಬೇಟಿನಲ್ಲಿ ಸಂಧಿಸಿದುವು. ಭಾರತದಿಂದ ಕಾಲಚಕ್ರ ಗ್ರಂಥವು ಹೋದ ಮೇಲೆ ತಿಬೇಟಿನವರು ೧೦೨೭ರಿಂದ ಅರವತ್ತರ ಚಕ್ರಗಳನ್ನು ಎಣಿಸುತ್ತಾರೆ. ಆ ಚಕ್ರಕ್ಕೆ ಅವರಿಟ್ಟ 'ರಬ್‌ಜುಂಗ್' ಎಂಬ ಹೆಸರು 'ಪ್ರಭವ' ಶಬ್ದದ ಭಾಷಾಂತರವೇ. ಅದರ ಮೊದಲ ವರ್ಷವನ್ನು ಗುರುತಿಸುವುದು ಮಾತ್ರ 'ಅಗ್ನಿ-ಮೊಲ' ಎಂಬ ಚೀನೀ ಕ್ರಮದ ಹೆಸರಿನಿಂದ. ೧೯೬೦ರ ದಶಕದಲ್ಲಿ ಕರ್ನಾಟಕದ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲಸಿದ ತಿಬೇಟಿನವರೊಡನೆ ಈ ಗಣನೆಯೂ ನಮ್ಮ ನಾಡಿಗೆ ಬಂದಿದೆ.

ಉತ್ತರ ಭಾರತದ ಗಣನೆಯಲ್ಲಿ ನಡುನಡುವೆ ಒಂದು ಸಂವತ್ಸರ ಲುಪ್ತವಾಗುತ್ತದೆ. ದಕ್ಷಿಣದ ಗಣನೆಯಲ್ಲಿ ಲೋಪವಿಲ್ಲ. ಆದುದರಿಂದ ನಮ್ಮ ಚಕ್ರವೂ ಚೀನೀ ಚಕ್ರವೂ ಮೂರು ವರ್ಷಗಳ ಅಂತರದಲ್ಲಿ ಸಮವಾಗಿ ನಡೆಯುತ್ತವೆ. ಅವರ ಜ್ಯಾ-ತ್ಸು ೧೯೮೪. ನಮ್ಮ ಪ್ರಭವ ೧೯೮೭. ಈ ಲೆಕ್ಕದಿಂದ ಅಗ್ನಿ-ಅಶ್ವಕ್ಕೆ ಸರಿಹೊಂದುವ ನಮ್ಮ ಸಂವತ್ಸರ ಯಾವುದು? ನಲವತ್ತನೆಯದಾದ 'ಪರಾಭವ'. ೧೯೬೬ರ ಯುಗಾದಿಯಿಂದ ನಡೆದುದು ಪರಾಭವವೇ. ೨೦೨೬ರ ಫೆಬ್ರವರಿ ೧೭ರಿಂದ ಚೀನೀ ಗಣನೆಯಲ್ಲಿ ಅಗ್ನಿ-ಅಶ್ವ, ಮಾರ್ಚಿ ೧೯ರ ಯುಗಾದಿಯಿಂದ ನಮ್ಮಲ್ಲಿ ಪರಾಭವ.

ಪರಾಭವವೆಂದರೆ ಸೋಲು. ಹೆದರಿಕೆಗೆ ಹೆಸರೇ ಸಾಕಾಗುವುದಾಗಿದ್ದರೆ ನಾವು ಜಪಾನಿನವರಿಗಿಂತ ಹೆಚ್ಚು ಹೆದರಬೇಕಾಗಿದ್ದಿತು. ಕ್ರೋಧಿ, ದುರ್ಮುಖಿ, ದುರ್ಮತಿ, ರೌದ್ರಿ ಎಂಬ ಹೆಸರುಗಳೂ ನಮ್ಮ ಪಂಚಾಂಗದಲ್ಲಿವೆ. ಜಾತಕಗ್ರಂಥಗಳು ಸಂವತ್ಸರಗಳಿಗೂ ಜನ್ಮಫಲವನ್ನು ಹೇಳುವುದುಂಟು. ಆದರೂ ಕ್ರೋಧಿಯಲ್ಲಿ ಹುಟ್ಟಿದ ಕನ್ಯೆಯನ್ನು ಕೋಪಿಷ್ಠೆಯೆಂದು ಬಿಟ್ಟುಬಿಡುವ ರೂಢಿ ನಮ್ಮಲ್ಲಿಲ್ಲ. ಅದೇ ಅರವತ್ತು ವರ್ಷಕ್ಕೊಮ್ಮೆ ಬರುವ ಅದೇ ವರ್ಷವನ್ನು ಚೀನದವನು ರಾಜ್ಯದ ವಿಪತ್ತೆಂದನು, ಜಪಾನಿನವನು ಗಂಡನ ಮೃತ್ಯುವೆಂದನು, ಕನ್ನಡಿಗನು ಬೇವುಬೆಲ್ಲವನ್ನು ತಿಂದು ಸುಮ್ಮನಾದನು. ಗುಣವು ವರ್ಷದಲ್ಲಿದ್ದಿದ್ದರೆ ಮೂವರೂ ಒಂದನ್ನೇ ಕಾಣಬೇಕಾಗಿದ್ದಿತಲ್ಲವೆ?

ಆದರೆ ಇದರಿಂದ ನಾವು ಹಿಗ್ಗುವಂತಿಲ್ಲ. ನಮ್ಮ ಭಯವು ವರ್ಷವನ್ನು ಬಿಟ್ಟು ನಕ್ಷತ್ರವನ್ನು ಹಿಡಿದಿದೆ. ಮೂಲಾನಕ್ಷತ್ರದ ಹೆಣ್ಣು ಮಾವನಿಗಾಗದು, ಆಶ್ಲೇಷೆಯವಳು ಅತ್ತೆಗಾಗದು ಎಂಬ ಮಾತುಗಳನ್ನು ಕೇಳದ ಮನೆಯಿಲ್ಲ. ನಕ್ಷತ್ರಗಳಿಗೆ ಹದಿನಾಲ್ಕು ಪ್ರಾಣಿಗಳನ್ನು ಹಂಚಿ ವಧೂವರರ ಮೈತ್ರಿಯನ್ನು ನೋಡುವ ಯೋನಿಕೂಟವೂ ನಮ್ಮಲ್ಲಿದೆ. ಇಲ್ಲೊಂದು ಭೇದವನ್ನು ವಿದ್ಯಾರ್ಥಿಗಳು ಗಮನಿಸಬಹುದು. ಹಸು ಹುಲಿ, ಇಲಿ ಬೆಕ್ಕು, ಹಾವು ಮುಂಗುಸಿ ಎಂಬ ನಮ್ಮ ವೈರಗಳು ಲೋಕದಲ್ಲಿ ಕಂಡ ವೈರಗಳು. ಚೀನೀಯರಲ್ಲಿ ಇಲಿಗೆ ವೈರಿ ಕುದುರೆ, ಎತ್ತಿಗೆ ಕುರಿ, ಮೊಲಕ್ಕೆ ಕೋಳಿ. ಇವು ಚಕ್ರದಲ್ಲಿ ಎದುರುಬದುರಾಗಿ ಕುಳಿತಿರುವುದೇ ವೈರಕ್ಕೆ ಕಾರಣ. ಒಂದು ಪ್ರಕೃತಿಯ ವೈರ, ಇನ್ನೊಂದು ಗಣಿತದ ವೈರ. ಎರಡರಿಂದಲೂ ಮುರಿದುಬೀಳುವುದು ಮಾತ್ರ ಮನುಷ್ಯರ ಸಂಬಂಧ.

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ದಿನಗಳನ್ನೆಣಿಸಲು ಹುಟ್ಟಿದ ಚಿಹ್ನೆಗಳಿಗೆ ಪ್ರಾಣಿಗಳು ಬಂದು ಸೇರಿದುವು. ಪ್ರಾಣಿಗಳಿಗೆ ತತ್ತ್ವಗಳು, ತತ್ತ್ವಗಳಿಗೆ ಶೀಲಗಳು ಸೇರಿದುವು. ಕೊನೆಗೆ ಶೀಲವು ಹುಟ್ಟಲಿರುವ ಮಗುವಿನ ಹಣೆಯ ಮೇಲೆ ಕುಳಿತಿತು. ಪ್ರತಿಯೊಂದು ಪದರವನ್ನೂ ಸೇರಿಸಿದವರು ಮನುಷ್ಯರು. ಸೇರಿಸಿದ ಕ್ರಮವನ್ನು ಅರಿತವರಿಗೆ ಗಣನೆಯನ್ನು ಗಣನೆಯಾಗಿ ಗೌರವಿಸುವುದೂ, ಹಣೆಯ ಮೇಲಿನ ಭಾರವನ್ನು ಇಳಿಸುವುದೂ ಸಾಧ್ಯ. ಇತಿಹಾಸಾಧ್ಯಯನದಿಂದ ಆಗತಕ್ಕ ಪ್ರಯೋಜನಗಳಲ್ಲಿ ಇದು ಸಣ್ಣದಲ್ಲ.